ಎಳೆಯದೆಲ್ಲ ಎಳಸಲ್ಲ: ಐರ್ಲೆಂಡ್‌ನ ಹೊಸ ಸಿಂಗಲ್ ಮಾಲ್ಟ್ ರುಚಿ ನೋಡುವ ಬಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಐರ್ಲೆಂಡ್‌ನ ಹೊಸ ಡಿಸ್ಟಿಲರಿಗಳಿಂದ ಬರುತ್ತಿರುವ ಮೂರು-ನಾಲ್ಕು ವರ್ಷದ ಸಿಂಗಲ್ ಮಾಲ್ಟ್ ವಿಸ್ಕಿಯ ಬಗ್ಗೆ ಎಲ್ಲಿ ಓದಿದರೂ ತೀರ್ಪು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: 'ಪರವಾಗಿಲ್ಲ, ಆದರೆ ಇನ್ನೂ ಎಳೆಯದು.' ಈ ಸಾಲಿನಿಂದ ಓದುಗರಿಗೆ ತಿಳಿಯುವುದು ಏನೂ ಇಲ್ಲ. ಮೂರು ವರ್ಷದ ವಿಸ್ಕಿ ಎಳೆಯದು ಎಂಬುದು ಲೇಬಲ್ ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ನಾಲಿಗೆ ಬೇಕಿಲ್ಲ. ನಾಲಿಗೆ ಹೇಳಬೇಕಾದದ್ದು ಬೇರೆ. ಗ್ಲಾಸಿನಲ್ಲಿರುವುದು ವಯಸ್ಸಿಗೆ ತಕ್ಕಂತೆ ಚೊಕ್ಕವಾಗಿರುವ ಎಳೆಯ ವಿಸ್ಕಿಯೋ, ಅಥವಾ ಭಟ್ಟಿಯಲ್ಲೇ ಕೆಟ್ಟು ಇನ್ನು ಹತ್ತು ವರ್ಷ ಪೀಪಾಯಿಯಲ್ಲಿಟ್ಟರೂ ಸರಿಹೋಗದ ಎಳಸು ಸರಕೋ? ಈ ಎರಡನ್ನು ಬೇರೆ ಮಾಡಿ ನೋಡುವ ಬಗೆಯನ್ನು ತಿಳಿಸಲು ಈ ಪತ್ರ.

ಇದು ಈಗ ಮುಖ್ಯವಾಗಲು ಕಾರಣವಿದೆ. 1970ರ ದಶಕದ ನಡುವಿನಿಂದ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ಐರ್ಲೆಂಡ್ ದ್ವೀಪದಲ್ಲಿ ವಿಸ್ಕಿ ಇಳಿಸುತ್ತಿದ್ದದ್ದು ಎರಡೇ ಕಡೆ: ದಕ್ಷಿಣದ ಕಾರ್ಕ್ ಕೌಂಟಿಯ ಮಿಡಲ್ಟನ್, ಉತ್ತರದ ಆಂಟ್ರಿಮ್ ಕೌಂಟಿಯ ಬುಷ್‌ಮಿಲ್ಸ್. 1987ರಲ್ಲಿ ಜಾನ್ ಟೀಲಿಂಗ್ ಅವರು ಲೌತ್ ಕೌಂಟಿಯಲ್ಲಿ ಕೂಲಿ ಡಿಸ್ಟಿಲರಿ ಸ್ಥಾಪಿಸಿದ ಮೇಲೆ ಸಂಖ್ಯೆ ಮೂರಾಯಿತು. 2012ರ ಕೊನೆಯಲ್ಲಿ ಕೆರ್ರಿ ಕೌಂಟಿಯ ಡಿಂಗಲ್, 2013ರಲ್ಲಿ ಡೌನ್ ಕೌಂಟಿಯ ಎಕ್ಲಿನ್‌ವಿಲ್, 2015ರಲ್ಲಿ ಡಬ್ಲಿನ್ ನಗರದೊಳಗೆ ಟೀಲಿಂಗ್, ಅದೇ ವರ್ಷ ವಾಟರ್‌ಫರ್ಡ್, ಹೀಗೆ ಒಂದರ ಹಿಂದೊಂದು ಭಟ್ಟಿಗಳು ಹತ್ತಿಕೊಂಡು ಸಂಖ್ಯೆ ನಲವತ್ತನ್ನು ದಾಟಿತು. ಇವುಗಳಲ್ಲಿ ಬಹುತೇಕ ಡಿಸ್ಟಿಲರಿಗಳ ಮೊದಲ ಮಾಲು ಮೂರರಿಂದ ಆರು ವರ್ಷದ್ದು. ಅದನ್ನು ಹನ್ನೆರಡು ವರ್ಷದ ವಿಸ್ಕಿಯ ಅಳತೆಗೋಲಿನಿಂದ ಅಳೆದರೆ ಎರಡಕ್ಕೂ ಅನ್ಯಾಯ.

ಗ್ಲಾಸಿಗೆ ಸುರಿಯುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಬೇಕು. 'ಸಿಂಗಲ್ ಮಾಲ್ಟ್' ಎಂದರೆ ಪೂರ್ತಿ ಮೊಳಕೆ ಬರಿಸಿದ ಬಾರ್ಲಿಯಿಂದ, ಒಂದೇ ಡಿಸ್ಟಿಲರಿಯಲ್ಲಿ, ಪಾಟ್ ಸ್ಟಿಲ್ ಎಂಬ ತಾಮ್ರದ ಹಂಡೆಗಳಲ್ಲಿ ಇಳಿಸಿದ್ದು ಎಂದರ್ಥ. ಆ ಒಂದು ಡಿಸ್ಟಿಲರಿ ಲೇಬಲ್ ಮೇಲೆ ದೊಡ್ಡಕ್ಷರದಲ್ಲಿ ಹೆಸರಿರುವ ಡಿಸ್ಟಿಲರಿಯೇ ಆಗಿರಬೇಕೆಂದೇನೂ ಇಲ್ಲ. ಹೊಸಬರು ತಮ್ಮ ಮಾಲು ಮಾಗುವವರೆಗೆ ಬೇರೆ ಕಡೆಯ ವಿಸ್ಕಿ ಕೊಂಡು ತಮ್ಮ ಹೆಸರಿನಲ್ಲಿ ಮಾರುವುದು ಐರ್ಲೆಂಡ್‌ನಲ್ಲಿ ನಡೆದುಬಂದ ಪದ್ಧತಿ, ಕಾನೂನುಬದ್ಧವೂ ಹೌದು. ಡಂಡಾಕ್ ಊರಿನ ಹಳೆಯ ಹಾರ್ಪ್ ಬಿಯರ್ ಕಾರ್ಖಾನೆಯಲ್ಲಿ 2015ರಲ್ಲಿ ಶುರುವಾದ ಗ್ರೇಟ್ ನಾರ್ದರ್ನ್ ಡಿಸ್ಟಿಲರಿಯ ಮುಖ್ಯ ವ್ಯಾಪಾರವೇ ಹೀಗೆ ಬೇರೆಯವರಿಗೆ ಒದಗಿಸುವುದು. ಆದ್ದರಿಂದ ಡಿಸ್ಟಿಲರಿ ಭಟ್ಟಿ ಹಚ್ಚಿದ ವರ್ಷಕ್ಕೆ ಬಾಟಲಿ ಮೇಲಿನ ವಯಸ್ಸನ್ನು ಕೂಡಿಸಿ ನೋಡಿ. 2019ರಲ್ಲಿ ಶುರುವಾದ ಡಿಸ್ಟಿಲರಿ 2023ರಲ್ಲಿ ಹತ್ತು ವರ್ಷದ ವಿಸ್ಕಿ ಮಾರಿದರೆ ಅದು ಅವರದ್ದಲ್ಲ. ವಯಸ್ಸೇ ನಮೂದಿಸದಿದ್ದರೆ ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. 'ಇಳಿಸಿ, ಮಾಗಿಸಿ, ಬಾಟಲಿ ತುಂಬಿದ್ದು ಇಂಥಲ್ಲಿ' ಎಂದು ಮೂರೂ ಕ್ರಿಯೆಗಳನ್ನು ಹೇಳಿದ್ದರೆ ಒಳ್ಳೆಯ ಲಕ್ಷಣ. 'ಇಂಥವರಿಗಾಗಿ ತಯಾರಿಸಿದ್ದು' ಅಥವಾ 'ಬಾಟಲಿ ತುಂಬಿದ್ದು' ಎಂದಷ್ಟೇ ಇದ್ದರೆ ಹೊಸ ಡಿಸ್ಟಿಲರಿಯ ಕೈಗುಣವನ್ನು ಆ ಬಾಟಲಿಯಲ್ಲಿ ಹುಡುಕಬೇಡಿ.

ಕಾನೂನಿನ ಬಗ್ಗೆ ಇರುವ ಎರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲೇ ತಿದ್ದಬೇಕು. ಐರಿಶ್ ವಿಸ್ಕಿ ಎಂದರೆ ಮೂರು ಸಲ ಇಳಿಸಿದ್ದು ಎಂದು ಬರೆಯುತ್ತಾರೆ. 1980ರ ಐರಿಶ್ ವಿಸ್ಕಿ ಕಾಯ್ದೆಯಲ್ಲಾಗಲಿ, ಐರಿಶ್ ವಿಸ್ಕಿ ಹೇಗಿರಬೇಕೆಂದು ಹೇಳುವ 2014ರ ಸರ್ಕಾರಿ ತಾಂತ್ರಿಕ ದಾಖಲೆಯಲ್ಲಾಗಲಿ ಅಂಥ ಕಡ್ಡಾಯವಿಲ್ಲ. ಬುಷ್‌ಮಿಲ್ಸ್, ಡಿಂಗಲ್ ಮೂರು ಸಲ ಇಳಿಸುತ್ತವೆ; ವಾಟರ್‌ಫರ್ಡ್ ಎರಡೇ ಸಲ ಇಳಿಸಿತು. ಐರಿಶ್ ವಿಸ್ಕಿಯಲ್ಲಿ ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಸಸ್ಯಮಣ್ಣು) ಹೊಗೆ ಇರಕೂಡದು ಎಂಬುದೂ ಸುಳ್ಳು. ಕೂಲಿ ಡಿಸ್ಟಿಲರಿಯ ಕನೆಮಾರಾ ವಿಸ್ಕಿ ಹೊಗೆಯಾಡಿದ ಮಾಲ್ಟ್‌ನದ್ದೇ. ಕಡ್ಡಾಯವಾಗಿರುವುದು ಇಷ್ಟು: 700 ಲೀಟರ್ ಮೀರದ ಮರದ ಪೀಪಾಯಿಯಲ್ಲಿ, ಐರ್ಲೆಂಡ್ ದ್ವೀಪದಲ್ಲೇ, ಕನಿಷ್ಠ ಮೂರು ವರ್ಷ ಮಾಗಬೇಕು, ಬಾಟಲಿಯಲ್ಲಿ ಕನಿಷ್ಠ ಶೇ 40 ಆಲ್ಕೋಹಾಲ್ ಇರಬೇಕು. ಪೀಪಾಯಿ ಓಕ್ ಮರದ್ದೇ ಆಗಬೇಕೆಂದಿಲ್ಲ, ಈ ವಿಷಯದಲ್ಲಿ ಸ್ಕಾಟ್ಲೆಂಡ್‌ಗಿಂತ ಐರ್ಲೆಂಡ್ ಉದಾರಿ. ವಯಸ್ಸು ಬರೆದಿದ್ದರೆ ಅದು ಒಳಗಿನ ಅತಿ ಕಿರಿಯ ವಿಸ್ಕಿಯ ವಯಸ್ಸು.

ಎರಡು ಸಲವೋ ಮೂರು ಸಲವೋ ಎಂಬುದು ಎಳೆಯ ವಿಸ್ಕಿಯಲ್ಲಿ ಬಹಳ ವ್ಯತ್ಯಾಸ ಮಾಡುತ್ತದೆ. ಎರಡು ಸಲ ಇಳಿಸಿದ ದ್ರವ ಸುಮಾರು ಶೇ 70ರ ಆಸುಪಾಸಿನಲ್ಲಿ ಹೊರಬರುತ್ತದೆ, ಮೂರು ಸಲದ್ದು ಶೇ 80 ದಾಟುತ್ತದೆ. ಮೇಲೇರಿದಷ್ಟೂ ಭಾರದ, ಎಣ್ಣೆಜಿಡ್ಡಿನ ಅಂಶಗಳು ಹಿಂದೆ ಉಳಿಯುತ್ತವೆ. ಹಾಗಾಗಿ ಮೂರು ಸಲದ್ದು ಮೂರು-ನಾಲ್ಕು ವರ್ಷಕ್ಕೇ ಕುಡಿಯಲು ಹಗುರ, ಹಣ್ಣಿನ ಘಮದ್ದು. ಎರಡು ಸಲದ್ದಕ್ಕೆ ಮೈ ದಪ್ಪ, ಬಾರ್ಲಿಯ ರುಚಿ ಜಾಸ್ತಿ, ಆದರೆ ಒರಟುತನ ಇಳಿಯಲು ಹೆಚ್ಚು ಕಾಲ ಬೇಕು. ಒಂದೇ ವಯಸ್ಸಿನ ಈ ಎರಡನ್ನು ಅಕ್ಕಪಕ್ಕ ಇಟ್ಟು 'ಇದು ನಯ, ಅದು ಒರಟು' ಎಂದು ಅಂಕ ಕೊಡುವುದು ಸರಿಯಲ್ಲ.

ಇನ್ನು ಗ್ಲಾಸಿನ ಮುಂದೆ ಕೂರೋಣ. ಹೊಟ್ಟೆ ಅಗಲ, ಬಾಯಿ ಕಿರಿದಾದ ಟುಲಿಪ್ ಆಕಾರದ ಗ್ಲಾಸ್ ಬೇಕು. ಅಗಲ ಬಾಯಿಯ ಗಿಡ್ಡ ಗ್ಲಾಸಿನಲ್ಲಿ ಘಮ ನಿಲ್ಲುವುದಿಲ್ಲ. ಅಳೆದು 20 ಮಿಲಿಲೀಟರ್ ಸುರಿಯಿರಿ. ಕೋಣೆಯ ಉಷ್ಣಾಂಶ 18ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಐಸ್ ಬೇಡ. ತಂಪಾದರೆ ಘಮ ಏಳುವುದಿಲ್ಲ, ದೋಷವೂ ಅಡಗಿಕೊಳ್ಳುತ್ತದೆ. ಬಣ್ಣವನ್ನು ಒಂದು ಕ್ಷಣ ನೋಡಿದರೆ ಸಾಕು. ಬೂರ್ಬನ್ ಪೀಪಾಯಿಯಲ್ಲಿ, ಅಂದರೆ ಮುಂಚೆ ಅಮೆರಿಕದ ಬೂರ್ಬನ್ ವಿಸ್ಕಿ ಇದ್ದು ಈಗ ಮೊದಲ ಸಲ ಮರುತುಂಬಿದ ಪೀಪಾಯಿಯಲ್ಲಿ, ಮೂರು ವರ್ಷ ಕಳೆದದ್ದು ಒಣಹುಲ್ಲಿನ ತಿಳಿ ಹಳದಿಯಾಗಿರುತ್ತದೆ. ಅದೇ ವಯಸ್ಸಿನದು ಗಾಢ ಕಂದು ಇದ್ದರೆ ಸ್ಪೇನಿನ ಶೆರ್ರಿ ಅಥವಾ ಬೇರೆ ವೈನ್ ಇದ್ದ ಪೀಪಾಯಿ ಇರಬೇಕು, ಇಲ್ಲವೇ ಕ್ಯಾರಮೆಲ್ ಬಣ್ಣ ಹಾಕಿರಬೇಕು. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ 'ಕಾಲು'ಗಳು ಗುಣಮಟ್ಟದ ಬಗ್ಗೆ ಏನೂ ಹೇಳುವುದಿಲ್ಲ.

ಸುರಿದ ತಕ್ಷಣ ಒಮ್ಮೆ ಮೂಸಿ, ಗ್ಲಾಸಿನ ಮೇಲೆ ಮುಚ್ಚಳ ಅಥವಾ ಚಪ್ಪಟೆ ತಟ್ಟೆ ಇಟ್ಟು ಹದಿನೈದು ನಿಮಿಷ ಬಿಡಿ. ಮೂಗನ್ನು ಗ್ಲಾಸಿನೊಳಕ್ಕೆ ತೂರಿಸಬಾರದು. ತುಟಿ ಸ್ವಲ್ಪ ತೆರೆದುಕೊಂಡು ಅಂಚಿನಿಂದ ಎರಡು ಬೆರಳು ದೂರದಲ್ಲಿ ಮೂಸಬೇಕು, ಆಗ ಆಲ್ಕೋಹಾಲಿನ ಘಾಟು ಮೂಗನ್ನು ಮರಗಟ್ಟಿಸುವುದಿಲ್ಲ. ಮುಚ್ಚಳ ತೆಗೆದು ಮತ್ತೆ ಮೂಸಿ. ಈ ಎರಡು ಮೂಸುವಿಕೆಗಳ ನಡುವಿನ ವ್ಯತ್ಯಾಸದಲ್ಲೇ ಅರ್ಧ ಕಥೆ ಇದೆ.

ಅದು ಏಕೆಂದರೆ ಭಟ್ಟಿಯಿಂದ ಇಳಿಯುವ ದ್ರವಕ್ಕೆ ತಲೆ, ಒಡಲು, ಬಾಲ ಎಂಬ ಮೂರು ಭಾಗಗಳಿವೆ. ಮೊದಲು ಬರುವ ತಲೆಯಲ್ಲಿ ಈಥೈಲ್ ಅಸಿಟೇಟ್‌ನಂಥ ಹಗುರ ಅಂಶಗಳು, ಕೊನೆಗೆ ಬರುವ ಬಾಲದಲ್ಲಿ ಭಾರದ ಕೊಬ್ಬಿನಾಮ್ಲಗಳು. ಭಟ್ಟಿಗಾರ ತಲೆಯನ್ನೂ ಬಾಲವನ್ನೂ ಕಡಿದು ಒಡಲನ್ನು ಮಾತ್ರ ಪೀಪಾಯಿಗೆ ಕಳಿಸುತ್ತಾನೆ, ಉಳಿದದ್ದು ಮುಂದಿನ ಸುತ್ತಿಗೆ ಮತ್ತೆ ಭಟ್ಟಿ ಸೇರುತ್ತದೆ. ಎಲ್ಲಿ ಕಡಿಯಬೇಕೆಂಬ ಹದ ಹೊಸ ಡಿಸ್ಟಿಲರಿಗೆ ಮೊದಲ ತಿಂಗಳುಗಳಲ್ಲಿ ಕೈಗೆ ಹತ್ತಿರುವುದಿಲ್ಲ. ಮೊದಲ ಬಿಡುಗಡೆಯಲ್ಲಿ ಬಾಟಲಿಗೆ ಬರುವುದು ಆ ತಿಂಗಳುಗಳ ಮಾಲೇ.

ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ ಮೊದಲ ಸಲ ಮೂಸಿದಾಗ ಇದ್ದು ಹದಿನೈದು ನಿಮಿಷದ ಬಳಿಕ ಹೋಗಿದ್ದರೆ ಚಿಂತೆಯಿಲ್ಲ. ಆಗಲೂ ನಿಂತಿದ್ದರೆ ತಲೆಯನ್ನು ಸರಿಯಾಗಿ ಕಡಿದಿಲ್ಲ. ಒದ್ದೆ ರಟ್ಟು, ಬೆವರು ಹಿಡಿದ ಚರ್ಮ, ಹಳಸಿದ ಚೀಸ್, ಇವು ಬಾಲದ ವಾಸನೆಗಳು. ಒಡಲು ಮುಗಿದ ಮೇಲೂ ತುಂಬುತ್ತಲೇ ಹೋಗಿದ್ದಾರೆ ಎಂದರ್ಥ. ಈ ದೋಷದ ಗುರುತು ಎಂದರೆ ನೀರು ಬೆರೆಸಿದಾಗ ಅದು ಕಡಿಮೆಯಾಗುವ ಬದಲು ಎದ್ದು ನಿಲ್ಲುತ್ತದೆ. ಒಂದು ಹನಿ ಬಾಲ ಇಲ್ಲದಿದ್ದರೆ ವಿಸ್ಕಿ ಪೊಳ್ಳಾಗುತ್ತದೆ ನಿಜ, ಆದರೆ ಚೀಸ್ ವಾಸನೆಯನ್ನು ಮರ ಮುಚ್ಚಬಲ್ಲದೇ ಹೊರತು ತೆಗೆಯಲಾರದು.

ಮೂರನೆಯದು ಗಂಧಕ. ಬೇಯಿಸಿದ ಎಲೆಕೋಸು, ಸುಟ್ಟ ರಬ್ಬರ್, ಗೀರಿದ ಬೆಂಕಿಕಡ್ಡಿ. ಸ್ಟಿಲ್‌ನ ತಾಮ್ರಕ್ಕೆ ಆವಿ ಸಾಕಷ್ಟು ಹೊತ್ತು ತಾಗಿದರೆ ಗಂಧಕದ ಅಂಶಗಳನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಮುಗಿಸಲೆಂದು ಉರಿ ಜೋರು ಮಾಡಿದರೆ, ಅಥವಾ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸ್ಟಿಲ್‌ಗೆ ಗಾಳಿ ಆಡಲು ಬಿಡದಿದ್ದರೆ ತಾಮ್ರ ಸೋಲುತ್ತದೆ. ಇಲ್ಲಿ ತೀರ್ಪು ಕೊಡುವಾಗ ತಾಳ್ಮೆ ಬೇಕು. ಎಲೆಕೋಸಿನ ವಾಸನೆ ಭಟ್ಟಿಯಿಂದ ಬಂದದ್ದು. ಬೂರ್ಬನ್ ಪೀಪಾಯಿಯ ಒಳಗೋಡೆಯ ಇದ್ದಿಲು ಅದನ್ನು ವರ್ಷಗಳಲ್ಲಿ ಹೀರಿಕೊಳ್ಳುತ್ತದೆ, ಹಾಗಾಗಿ ಮೂರು ವರ್ಷದಲ್ಲಿ ಸಣ್ಣಗೆ ಉಳಿದಿದ್ದರೆ ಅದೇ ಡಿಸ್ಟಿಲರಿಯ ಐದಾರು ವರ್ಷದ್ದನ್ನು ಕಾದು ನೋಡಬಹುದು. ಬೆಂಕಿಕಡ್ಡಿಯ ವಾಸನೆ ಶೆರ್ರಿ ಪೀಪಾಯಿಯ ವಿಸ್ಕಿಯಲ್ಲಿ ಸಿಕ್ಕರೆ, ಸಾಗಿಸುವಾಗ ಪೀಪಾಯಿ ಕೆಡದಿರಲೆಂದು ಒಳಗೆ ಉರಿಸುವ ಗಂಧಕದಿಂದ ಬಂದಿರುವ ಸಂಭವ ಹೆಚ್ಚು. ಅದು ಹೋಗುವುದಿಲ್ಲ.

ಇವು ಯಾವುವೂ ಇಲ್ಲದೆ ಹಸಿರು ಸೇಬು, ಪೇರ್ ಹಣ್ಣು, ನಿಂಬೆ ಸಿಪ್ಪೆ, ಕತ್ತರಿಸಿದ ಹಸಿ ಹುಲ್ಲು, ಬಾರ್ಲಿ ಹಿಟ್ಟು, ಬಿಸ್ಕತ್ತಿನ ಘಮ ಬಂದರೆ ಅದನ್ನು ದೋಷವೆಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಎಳೆಯ ವಿಸ್ಕಿಯ ಸೊಗಸು ಇರುವುದೇ ಅಲ್ಲಿ. ಮಾಲ್ಟಿನ ಸಿಹಿ ರಸವನ್ನು ಭಟ್ಟಿಗೆ ಮುಂಚೆ ಎರಡು ದಿನ ಹುದುಗಿಸಿದ ಕಡೆ ಧಾನ್ಯದ, ಒಣಬೀಜದ ರುಚಿ ಮುಂದಿರುತ್ತದೆ. ನಾಲ್ಕೈದು ದಿನ ಬಿಟ್ಟ ಕಡೆ ಯೀಸ್ಟ್ ಜೊತೆಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಕೆಲಸ ಮಾಡಿ ಹಣ್ಣಿನ ಘಮ ಕೊಡುವ ಎಸ್ಟರ್ ಎಂಬ ಅಂಶಗಳು ಹೆಚ್ಚುತ್ತವೆ. ಹದಿನೈದು ವರ್ಷ ಮಾಗಿದ ಮೇಲೆ ಈ ವ್ಯತ್ಯಾಸದ ಬಹುಪಾಲು ಮರದ ರುಚಿಯಡಿ ಹೋಗುತ್ತದೆ. ಮೂರು ವರ್ಷದಲ್ಲಿ ಅದು ಮೂಗಿಗೆ ನೇರವಾಗಿ ಸಿಗುತ್ತದೆ. ವಾಟರ್‌ಫರ್ಡ್‌ನವರು 2020ರಲ್ಲಿ ಬ್ಯಾಲಿಕಿಲ್‌ಕ್ಯಾವನ್, ಬ್ಯಾನೋ ಐಲೆಂಡ್ ಎಂಬ ಒಂದೊಂದೇ ಹೊಲದ ಬಾರ್ಲಿಯ ವಿಸ್ಕಿಯನ್ನು ನಾಲ್ಕು ವರ್ಷ ತುಂಬುವ ಮುಂಚೆಯೇ, ಶೇ 50ರಲ್ಲಿ ಹೊರತಂದರು. ಹೊಲದ ಗುಣ ಗ್ಲಾಸಿಗೆ ಬರುತ್ತದೆಯೇ ಇಲ್ಲವೇ ಎಂಬ ವಾದ ಏನೇ ಇರಲಿ, ಅದನ್ನು ಪರೀಕ್ಷಿಸಲು ಎಳೆಯ ವಿಸ್ಕಿಗಿಂತ ತಕ್ಕದ್ದು ಇನ್ನೊಂದಿಲ್ಲ.

ಬಾಯಿಗೆ ಮೊದಲು ತೆಗೆದುಕೊಳ್ಳುವ ಗುಟುಕು ನಾಲಿಗೆಯನ್ನು ಹೊಂದಿಸಲು ಮಾತ್ರ, ಅದರಿಂದ ಏನನ್ನೂ ನಿರ್ಣಯಿಸಬೇಡಿ. ಎರಡನೆಯದನ್ನು, ಅರ್ಧ ಟೀ ಚಮಚದಷ್ಟನ್ನು, ಹತ್ತು ಸೆಕೆಂಡ್ ಬಾಯಲ್ಲಿಟ್ಟು ಎಲ್ಲ ಕಡೆ ಆಡಿಸಿ. 'ಉರಿ' ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳಿಬಿಡುತ್ತೇವೆ. ಆಲ್ಕೋಹಾಲಿನ ಘಾಟು ತಕ್ಷಣ ಹತ್ತಿ, ನೀರು ಬೆರೆಸಿದರೆ ಇಳಿಯುತ್ತದೆ. ಓಕ್‌ನ ಯೂಜೆನಾಲ್‌ನಿಂದ ಬರುವ ಲವಂಗದ ಖಾರ ನಿಧಾನವಾಗಿ ಏರಿ ಬೆಚ್ಚಗೆ ನಿಲ್ಲುತ್ತದೆ. ಮರದಿಂದಲೇ ಬರುವ ಟ್ಯಾನಿನ್‌ನ ಒಗರು ನುಂಗಿದ ಮೇಲೆ ಒಸಡನ್ನು ಒಣಗಿಸುತ್ತದೆ, ಗುಟುಕಿನಿಂದ ಗುಟುಕಿಗೆ ಹೆಚ್ಚುತ್ತದೆ. ಘಾಟು ವಯಸ್ಸಿನಿಂದ, ಒಗರು ಪೀಪಾಯಿಯ ಆಯ್ಕೆಯಿಂದ. ಎರಡೂ ಒಟ್ಟಿಗೆ ಜೋರಾಗಿದ್ದರೆ ಸಣ್ಣ ಪೀಪಾಯಿಯ ಕೆಲಸ ಎಂದು ಅನುಮಾನಿಸಬಹುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೀಪಾಯಿ ಮೂರು ಕೆಲಸ ಮಾಡುತ್ತದೆ: ಹಸಿ ವಾಸನೆಯನ್ನು ಕಳೆಯುತ್ತದೆ, ಮರದ ರುಚಿಯನ್ನು ಕೂಡಿಸುತ್ತದೆ, ಮರದ ಸಂದುಗಳಿಂದ ನುಸುಳುವ ಗಾಳಿಯ ನೆರವಿನಿಂದ ಎರಡನ್ನೂ ಬೆಸೆಯುತ್ತದೆ. ಮೊದಲ ಎರಡು ಕೆಲಸಗಳನ್ನು ಅವಸರಿಸಬಹುದು, ಮೂರನೆಯದನ್ನು ಆಗುವುದಿಲ್ಲ. ಸಾಮಾನ್ಯ ಬೂರ್ಬನ್ ಪೀಪಾಯಿ ಸುಮಾರು 200 ಲೀಟರಿನದು. ಅದರ ಬದಲು ಅದೇ ಆಕಾರದ 50 ಲೀಟರಿನದನ್ನು ಬಳಸಿದರೆ ಪ್ರತಿ ಲೀಟರಿಗೆ ಸಿಗುವ ಮರದ ಮೈ ಸುಮಾರು 1.6 ಪಟ್ಟಾಗುತ್ತದೆ. ಬಣ್ಣ, ವೆನಿಲಾ, ಒಗರು ಬೇಗ ಬರುತ್ತವೆ, ಒಳಗಿನ ದ್ರವ ಮಾತ್ರ ಮೂರು ವರ್ಷದ್ದೇ ಆಗಿ ಉಳಿಯುತ್ತದೆ. ಹೊಸ ಓಕ್‌ನಲ್ಲಿ ಪೂರ್ತಿ ಅವಧಿ ಇಟ್ಟರೂ ಇದೇ ಅಪಾಯ. ವೈನ್ ಪೀಪಾಯಿಯ ಒಳಮೈ ಕೆತ್ತಿ, ಬಿಸಿ ಮಾಡಿ, ಮತ್ತೆ ಸುಡುವ ವಿಧಾನವೊಂದಿದೆ. ಸ್ಕಾಟ್ಲೆಂಡ್‌ನ ರಸಾಯನ ತಜ್ಞ ಜಿಮ್ ಸ್ವಾನ್ ಅದನ್ನು ಹೊಸ ಡಿಸ್ಟಿಲರಿಗಳಿಗಾಗಿಯೇ ಬಳಕೆಗೆ ತಂದರು. ಒಗರು ಹೆಚ್ಚಿಸದೆ ಕೆಂಪು ಹಣ್ಣಿನ ಸಿಹಿ ತರುವುದರಲ್ಲಿ ಅದು ಉಳಿದ ಉಪಾಯಗಳಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೂ ಡಿಸ್ಟಿಲರಿಯ ಸ್ವಂತ ಗುಣ ತಿಳಿಯಬೇಕಾದರೆ ಬೂರ್ಬನ್ ಪೀಪಾಯಿಯದ್ದನ್ನೇ ಮೊದಲು ನೋಡಬೇಕು.

ನೀರಿನ ವಿಷಯಕ್ಕೆ ಬಂದರೆ, 'ಎರಡು ಹನಿ ನೀರು ಹಾಕಿದೆ, ವಿಸ್ಕಿ ಅರಳಿತು' ಎಂದು ಬರೆಯುವುದು ರೂಢಿ. ಒಂದು ಹನಿ ಸುಮಾರು 0.05 ಮಿಲಿ. ಶೇ 46ರ 20 ಮಿಲಿ ವಿಸ್ಕಿಗೆ ಎರಡು ಹನಿ ಹಾಕಿದರೆ ಅದು ಶೇ 45.8 ಆಗುತ್ತದೆ, ಅಷ್ಟೆ. ಅರಳಿದ್ದು ಅಷ್ಟು ಹೊತ್ತಿನ ಗಾಳಿಗೆ. ಸೂಜಿಯಿಲ್ಲದ 5 ಮಿಲಿಯ ಸಿರಿಂಜ್ ಇಟ್ಟುಕೊಂಡರೆ ಊಹಿಸುವ ಪಾಡು ತಪ್ಪುತ್ತದೆ. 20 ಮಿಲಿಯನ್ನು ಶೇ 40ಕ್ಕೆ ಇಳಿಸಲು ಶೇ 46ರದ್ದಕ್ಕೆ 3 ಮಿಲಿ, ಶೇ 50ರದ್ದಕ್ಕೆ 5 ಮಿಲಿ, ಶೇ 60ರದ್ದಕ್ಕೆ 10 ಮಿಲಿ ನೀರು ಸಾಕು. ಖನಿಜ ಕಡಿಮೆ ಇರುವ, ಕ್ಲೋರಿನ್ ವಾಸನೆ ಇಲ್ಲದ ನೀರು ಆಗಬೇಕು. ಹಾಕಿದ ಮೇಲೆ ಐದು ನಿಮಿಷ ಬಿಡಿ. ನೀರು ಬೆರೆಸಿದಾಗ ಕೆಲವು ಘಮಗಳು ಮೇಲೇಳುವುದು ಬರೀ ನಂಬಿಕೆಯಲ್ಲ. ಹೊಗೆವಾಸನೆಯ ಗ್ವಾಯಕಾಲ್ ಎಂಬ ಅಣು ದುರ್ಬಲ ಮಿಶ್ರಣದಲ್ಲಿ ಮೇಲ್ಮೈಗೆ ಬಂದು ಸೇರುತ್ತದೆ ಎಂದು ಸ್ವೀಡನ್‌ನ ಲಿನ್ನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದ್ದಾರೆ.

ಕೊನೆಯಲ್ಲಿ ಗ್ಲಾಸಿನಲ್ಲಿ ಉಳಿದದ್ದಕ್ಕೆ ಸಮ ಪ್ರಮಾಣದ ನೀರು ಬೆರೆಸಿ ಮೂಸಿ ನೋಡಿ. ಆಗಲೇ ಶೇ 40ಕ್ಕೆ ಇಳಿಸಿದ್ದು 20ಕ್ಕೆ ಬರುತ್ತದೆ. ಮಿಶ್ರಣ ಮಾಡುವ ವೃತ್ತಿಪರರು ಮೂಸುವುದು ಶೇ 20ರ ಸುತ್ತ. ಇದು ಕುಡಿಯಲಿಕ್ಕಲ್ಲ, ಪರೀಕ್ಷೆಗೆ. ಎಳಸಾದದ್ದು ಇಲ್ಲಿ ಸಿಕ್ಕಿಬೀಳುತ್ತದೆ: ರಟ್ಟು, ಚೀಸ್, ಎಲೆಕೋಸು ಏನಿದ್ದರೂ ಹೊರಬರುತ್ತದೆ. ಚೊಕ್ಕವಾದದ್ದು ತೆಳುವಾದರೂ ಹಣ್ಣು ಮತ್ತು ಧಾನ್ಯದ ಘಮವನ್ನು ಬಿಟ್ಟುಕೊಡುವುದಿಲ್ಲ. ಈ ಹಂತದಲ್ಲಿ ದ್ರವ ಮಂಜಾಗಿ ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಉಳಿದಿರುವ ಕೊಬ್ಬಿನ ಎಸ್ಟರ್‌ಗಳು ನೀರಿನಲ್ಲಿ ಕರಗದೆ ತೇಲುವುದೇ ಆ ಮಂಜು. ಹೊಸ ಡಿಸ್ಟಿಲರಿಗಳು ಬಹುತೇಕ ಶೇ 46ರಲ್ಲಿ ಬಾಟಲಿ ತುಂಬುವುದಕ್ಕೂ ಇದೇ ಕಾರಣ. ಅದಕ್ಕಿಂತ ಇಳಿದರೆ ಬಾಟಲಿಯಲ್ಲೇ ಮಂಜು ಕಟ್ಟಬಹುದು. ಖಾಲಿ ಗ್ಲಾಸನ್ನು ತೊಳೆಯದೆ ಬಿಟ್ಟು ಮರುದಿನ ಬೆಳಿಗ್ಗೆ ಮೂಸಿದರೆ ಮಾಲ್ಟ್ ಮತ್ತು ಮರ ಎರಡರ ಪಾಲು ಎಷ್ಟೆಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಒಂದು ಬೈಠಕ್ಕಿಗೆ ನಾಲ್ಕು ಗ್ಲಾಸ್ ದಾಟಿದರೆ ಮೂಗು ಸುಳ್ಳು ಹೇಳತೊಡಗುತ್ತದೆ, ಉಗುಳುವ ಪಾತ್ರೆ ಇರಲಿ. ಐರ್ಲೆಂಡ್‌ನ ಪಬ್‌ಗಳ ಒಂದು ಅಳತೆ 35.5 ಮಿಲಿ, ನಾಲ್ಕು 20 ಮಿಲಿ ಎಂದರೆ ಅಂಥ ಎರಡು ಅಳತೆಗೂ ಹೆಚ್ಚು. ಡಿಸ್ಟಿಲರಿ ನೋಡಲು ಹೋದವರು ಗಾಡಿ ಓಡಿಸಬಾರದು.

ಬೆಲೆಯ ಬಗ್ಗೆಯೂ ಒಂದು ಮಾತು. ಮೂರು ವರ್ಷದ್ದಕ್ಕೆ ಹತ್ತು ವರ್ಷದ ಬೆಲೆಯೇ ಎಂದು ಕೇಳುವವರು ಈ ಲೆಕ್ಕ ನೋಡಬೇಕು. ಐರ್ಲೆಂಡ್‌ನಲ್ಲಿ ಒಂದು ಲೀಟರ್ ಶುದ್ಧ ಆಲ್ಕೋಹಾಲ್‌ಗೆ ಅಬಕಾರಿ ಸುಂಕ 42.57 ಯೂರೊ. ಶೇ 46ರ 700 ಮಿಲಿ ಬಾಟಲಿಗೆ ಅದೇ 13.71 ಯೂರೊ ಆಗುತ್ತದೆ, ಅದರ ಮೇಲೆ ಶೇ 23 ವ್ಯಾಟ್. ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. 200 ಲೀಟರಿನದರಲ್ಲಿ ಮೂರು ವರ್ಷಕ್ಕೆ ಸುಮಾರು 12 ಲೀಟರ್ ನಷ್ಟ, ಉಳಿದದ್ದಕ್ಕೆ ನೀರು ಬೆರೆಸಿ ಶೇ 46ಕ್ಕೆ ಇಳಿಸಿದರೆ ಕೈಗೆ ಸಿಗುವುದು ಸುಮಾರು 350 ಬಾಟಲಿ. ಆ ಮೂರು ವರ್ಷ ವಿಸ್ಕಿಯಿಂದ ಒಂದು ಕಾಸಿನ ಆದಾಯವಿಲ್ಲ. ಡಿಂಗಲ್‌ನಂಥವರು ಜಿನ್, ವೋಡ್ಕಾ ಮಾರಿ ದಿನ ದೂಡಿದ್ದು ಇದಕ್ಕೇ. ವಾಟರ್‌ಫರ್ಡ್‌ನಷ್ಟು ಹೆಸರಾದ ಡಿಸ್ಟಿಲರಿಗೂ 2024ರ ನವೆಂಬರ್‌ನಲ್ಲಿ ರಿಸೀವರ್ (ಸಾಲ ವಸೂಲಿಗಾಗಿ ಆಸ್ತಿ ವಹಿಸಿಕೊಳ್ಳುವ ಅಧಿಕಾರಿ) ನೇಮಕವಾಯಿತು. ಬೆಲೆ ಹೆಚ್ಚೆನಿಸಿದರೆ ಕೊಳ್ಳಬೇಕಿಲ್ಲ, ಆದರೆ ಮೋಸ ಎನ್ನುವುದು ಸರಿಯಲ್ಲ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂಥ ವಿಸ್ಕಿಯ ಬಗ್ಗೆ ಬರಹ ಪ್ರಕಟಿಸುವಾಗ ಅದನ್ನು ಯಾರು ಇಳಿಸಿದರು, ಎಷ್ಟು ಸಲ ಇಳಿಸಿದರು, ಯಾವ ಪೀಪಾಯಿಯಲ್ಲಿ ಎಷ್ಟು ವರ್ಷ ಇಟ್ಟರು, ಶೇಕಡಾ ಎಷ್ಟರಲ್ಲಿ ಬಾಟಲಿ ತುಂಬಿದರು ಎಂಬುದನ್ನು ಬರಹದ ತಲೆಯಲ್ಲೇ ಹಾಕಿಸಿ. ರುಚಿ ನೋಡಿದವರು ಎಷ್ಟು ಮಿಲಿ ನೀರು ಬೆರೆಸಿದರು ಎಂದೂ ಕೇಳಿ ಬರೆಸಿ. 'ಎಳೆಯದು' ಎಂಬ ಪದ ಬಂದ ಕಡೆ ಸೇಬೋ, ರಟ್ಟೋ, ಎಲೆಕೋಸೋ ಎಂದು ಬರೆದವರನ್ನೇ ಮತ್ತೊಮ್ಮೆ ಕೇಳಿ.

ಇತಿ,
ತಮ್ಮ ವಿಶ್ವಾಸದ ಓದುಗರು